ಟಿವಿಯ ಹಿಂದೆ ಕೂತ ಲ್ಯಾಪ್‌ಟಾಪು

ಚೌತಿಗೆ ಊರಿಗೆ ಹೊರಟಾಗ ಬಟ್ಟೆಯ ನಡುವೆ ಹಳೇ ಲ್ಯಾಪ್‌ಟಾಪನ್ನೂ ತುರುಕಿಕೊಂಡೆ. 2012ರಲ್ಲಿ ಕೊಂಡದ್ದು, ನಾಲ್ಕು ಜಿಬಿ ರ‍್ಯಾಮು, ಒಂದು ಕಡೆಯ ತಿರುಗಣಿ ಸಡಿಲ. ಆಗ ಅದರಲ್ಲಿದ್ದದ್ದು ವಿಂಡೋಸ್ 7. ಮೀಡಿಯಾ ಸೆಂಟರ್ ಎಂಬ ಹಸಿರು ಗುಂಡಿ ಒತ್ತಿದರೆ ಪರದೆ ತುಂಬ ದೊಡ್ಡ ಅಕ್ಷರದ ಮೆನು ಬಂದು, ಕಂಪ್ಯೂಟರು ಟಿವಿಯ ವೇಷ ಕಟ್ಟುತ್ತಿತ್ತು. ವಿಂಡೋಸ್ 10ರ ಹೊತ್ತಿಗೆ ಆ ವೇಷ ಪೆಟ್ಟಿಗೆ ಸೇರಿತು. ಹಾಗಾಗಿ ನಾನು ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕಿ, ಅದರ ಮೇಲೆ ಹಾಡು, ವಿಡಿಯೋಗಳನ್ನು ಟಿವಿಯ ಹಾಗೆ ತೋರಿಸುವ ಕೋಡಿ ಕೂರಿಸಿದ್ದೆ.

ಕೋಡಿ ಮೊದಲು ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಗಾಗಿ ಹುಟ್ಟಿದ ತಂತ್ರಾಂಶ. ಎಕ್ಸ್‌ಬಿಎಂಸಿ ಎಂದಿದ್ದ ಹೆಸರು 2014ರಲ್ಲಿ ಕೋಡಿ ಆಯಿತು. ನಮ್ಮಲ್ಲಿ ಕೋಡಿ ಎಂದರೆ ಕೆರೆ ತುಂಬಿ ಹೊರಗೆ ಹರಿಯುವ ಜಾಗ. ಅಪ್ಪನ ಹಾರ್ಡ್ ಡಿಸ್ಕಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಿಕ್ಕಿಲ್ಲ. ಕ್ಯಾಸೆಟ್ಟಿನಿಂದ ಇಳಿಸಿದ್ದು, ಸ್ನೇಹಿತರು ಪೆನ್‌ಡ್ರೈವಿನಲ್ಲಿ ಕೊಟ್ಟದ್ದು, ಎಲ್ಲ ಸೇರಿ ಮುನ್ನೂರು ಗಂಟೆಗೂ ಮಿಕ್ಕಿ ತಾಳಮದ್ದಳೆ.

ಅದನ್ನೆಲ್ಲ ಟಿವಿಯಲ್ಲಿ ಹಾಕೋಣವೆಂದು ಲ್ಯಾಪ್‌ಟಾಪಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿದಾಗ ಚಿತ್ರವೇನೋ ಬಂತು. ಧ್ವನಿ ಮಾತ್ರ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಸೌಂಡ್ ಸೆಟ್ಟಿಂಗಿನಲ್ಲಿ ಎಚ್‌ಡಿಎಂಐ ಆರಿಸಿದ ಮೇಲೆ ಟಿವಿ ಬಾಯಿಬಿಟ್ಟಿತು. ಮುಚ್ಚಳ ಹಾಕಿ ಟಿವಿಯ ಹಿಂದೆ ಸರಿಸಿಟ್ಟೆ. ರಾತ್ರಿ ಟಿವಿ ಆರಿಸಿದ ಕೂಡಲೇ ಅದೂ ಮಲಗಿಬಿಟ್ಟಿತ್ತು. ಬೆಳಿಗ್ಗೆ ಅಪ್ಪ ಟಿವಿ ಹಾಕಿದರೆ ‘ನೋ ಸಿಗ್ನಲ್’. “ಎಂತ ಮಾರಾಯ, ಚೌತಿ ದಿನವೇ ಹಾಳು ಮಾಡಿದ್ಯಾ?” ಎಂದರು. ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ ಅಂತ ಪವರ್ ಸೆಟ್ಟಿಂಗಿನಲ್ಲಿ ಹೇಳಿಟ್ಟೆ.

ಆಮೇಲೆ ರಿಮೋಟಿನ ರಗಳೆ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು ಆಗಿದ್ದರೆ ಟಿವಿಯ ರಿಮೋಟೇ ಸಾಕಾಗುತ್ತಿತ್ತು. ಗುಂಡಿ ಒತ್ತಿದ ಸುದ್ದಿ ಅದೇ ಎಚ್‌ಡಿಎಂಐ ತಂತಿಯಲ್ಲಿ ಹೋಗುತ್ತದೆ, ಸಿಇಸಿ ಎನ್ನುತ್ತಾರೆ. ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಯುಎಸ್‌ಬಿಗೆ ರಿಸೀವರ್ ಚುಚ್ಚುವ ಪುಟ್ಟ ರಿಮೋಟು ತಂದಿದ್ದೆ. ಅಮ್ಮ ಬೇಕಾದ ನಾಲ್ಕು ಗುಂಡಿಗೆ ಕುಂಕುಮದ ಬೊಟ್ಟಿಟ್ಟು, ಒರೆಸಿಹೋದೀತೆಂದು ಮೇಲೆ ಟೇಪು ಅಂಟಿಸಿದಳು.

ನಿಜವಾಗಿ ತಲೆ ತಿಂದದ್ದು ಕನ್ನಡ. ಅಪ್ಪನ ಫೈಲುಗಳ ಹೆಸರೆಲ್ಲ ಕನ್ನಡದಲ್ಲಿ. ಟಿವಿಯಲ್ಲಿ ಬರೀ ಚೌಕಗಳ ಸಾಲು. ಒಂದು ಫಾಂಟ್ ಕಡತ ಬದಲಿಸಿದೆ. ಅಕ್ಷರ ಬಂದವು, ಆದರೆ ಒತ್ತಕ್ಷರಗಳು ಕೆಳಗಿಳಿಯದೆ ಸಾಲಿನಲ್ಲೇ ನಿಂತವು. ‘ಕೃಷ್ಣ’ ಹೋಗಿ ‘ಕೃಷ್‌ಣ’. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಅದನ್ನು ನೋಡಿದವರೇ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ನಾನು ಕೇಳಬಹುದಾದ ಅತಿ ದೊಡ್ಡ ಬೈಗುಳ ಅದು.

ಮಧ್ಯಾಹ್ನ ಕಡುಬು ತಿಂದು ಜಗಲಿಯಲ್ಲಿ ಕೂತಿದ್ದಾಗ ಹೊಳೆಯಿತು: ಫೋಲ್ಡರಿನೊಳಗೆ ‘ಫೋಲ್ಡರ್.ಜೆಪಿಜಿ’ ಎಂಬ ಹೆಸರಿನ ಚಿತ್ರವಿದ್ದರೆ ಕೋಡಿ ಅದನ್ನೇ ಮುಖವಾಗಿ ತೋರಿಸುತ್ತದೆ. ಅಪ್ಪನ ಕೈಗೆ ದಪ್ಪ ಸ್ಕೆಚ್ ಪೆನ್ನು, ಬಿಳಿ ಹಾಳೆ ಕೊಟ್ಟೆ. ಒಂದೊಂದು ಪ್ರಸಂಗದ ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆದ ಹಾಗೆ ದುಂಡಗೆ ಬರೆದುಕೊಟ್ಟರು. ಫೋನಿನಲ್ಲಿ ಫೋಟೊ ಹೊಡೆದು ತುಂಬಿದೆ. ಸಂಜೆಗೆ ಟಿವಿ ತುಂಬ ಅಪ್ಪನ ಕೈಬರಹ, ಒತ್ತು ದೀರ್ಘ ಒಂದೂ ತಪ್ಪದೆ. ಅಮ್ಮ ಒಂದು ಚೌಕ ತೋರಿಸಿ, “ಇದು ಸ್ವಲ್ಪ ಸೊಟ್ಟ ಬಂತು” ಎಂದಳು. ಅಪ್ಪ ಅದನ್ನು ಮತ್ತೆ ಬರೆದರು.

ರಾತ್ರಿ ಪೂಜೆ ಮುಗಿಸಿ ಭೀಷ್ಮನ ಪ್ರಸಂಗ ಹಚ್ಚಿದೆವು. ಮಳೆ ಜೋರಾಗಿ, ಎಂದಿನಂತೆ ಕರೆಂಟು ಹೋಯಿತು. ಟಿವಿ ಕಪ್ಪಾಯಿತು. ಎರಡು ಕ್ಷಣ ಬಿಟ್ಟು ಅದರ ಹಿಂದಿನಿಂದ, ಮುಚ್ಚಿದ ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲಿ ಅರ್ಥಧಾರಿಯ ಗಂಟಲು ಮುಂದುವರಿಯಿತು. ಅಪ್ಪ ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡರು.

“ಬ್ಯಾಟರಿ ಎಷ್ಟೊತ್ತು ಬರ್ತದೆ?”

“ನಲವತ್ತು ನಿಮಿಷ.”

“ಸಾಕಾಗ್ಲಿಕ್ಕಿಲ್ಲ. ಭೀಷ್ಮ ಈಗಷ್ಟೇ ಮಾತು ಶುರು ಮಾಡಿದ್ದು.”