ಗ್ಲಾಸ್ಗೋ ನೋಡಬೇಕೆ? ಕೆಲ್ವಿನ್ ನದಿಯ ದಡ ಹಿಡಿಯಿರಿ

ಸ್ಕಾಟ್ಲೆಂಡಿಗೆ ಹೋಗುವ ನಮ್ಮವರಲ್ಲಿ ಅನೇಕರು ಎಡಿನ್‌ಬರೋದಲ್ಲಿ ಮೂರು ದಿನ ಉಳಿದು ಗ್ಲಾಸ್ಗೋಗೆ ಅರ್ಧ ದಿನ ಕೊಡುತ್ತಾರೆ. ಇದು ಆ ಊರಿಗೆ ಮಾಡುವ ಅನ್ಯಾಯ. ಕನಿಷ್ಠ ಎರಡು ದಿನ ಇಟ್ಟುಕೊಳ್ಳಿ, ಒಂದನ್ನು ಪೂರ್ತಿಯಾಗಿ ಕೆಲ್ವಿನ್ ನದಿಗೆ ಕೊಡಿ. ಹಡಗು ಕಟ್ಟಿದ ಕೀರ್ತಿ ದೊಡ್ಡ ನದಿ ಕ್ಲೈಡ್‌ನದು. ಆದರೆ ಕೇರಿಯಿಂದ ಕೇರಿಗೆ ನಡೆಸಿಕೊಂಡು ಹೋಗಿ ಹೊಲಗಳ ನಡುವೆ ಬಿಡುವುದು ಅದರ ಈ ಉಪನದಿ.

ಬೆಳಿಗ್ಗೆ ಸಬ್‌ವೇಯಲ್ಲಿ ಗೋವನ್‌ಗೆ ಹೋದೆವು. 1896ರ ಈ ಪುಟ್ಟ ಸುರಂಗ ರೈಲು ಹದಿನೈದೇ ನಿಲ್ದಾಣಗಳನ್ನು ಸುತ್ತುತ್ತದೆ. ತಪ್ಪು ದಿಕ್ಕಿಗೆ ಹತ್ತಿದರೂ ನಿಮ್ಮ ನಿಲ್ದಾಣ ಬಂದೇ ಬರುತ್ತದೆ. ಗೋವನ್‌ನ ಹಳೆಯ ಚರ್ಚ್‌ನೊಳಗೆ ವೈಕಿಂಗ್ ಕಾಲದ ಗೋರಿಗಲ್ಲುಗಳಿವೆ. ಮಲಗಿದ ಪ್ರಾಣಿಯಂತೆ ಬೆನ್ನುಬ್ಬಿದ ಐದು ಕಲ್ಲುಗಳ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಪಕ್ಕದಲ್ಲೇ 2024ರಲ್ಲಿ ತೆರೆದ ಕಾಲುಸೇತುವೆಯಿದೆ. ಅದನ್ನು ದಾಟಿದರೆ ರಿವರ್‌ಸೈಡ್ ಮ್ಯೂಸಿಯಂ, ಕೆಲ್ವಿನ್ ಕ್ಲೈಡ್‌ಗೆ ಸೇರುವ ಜಾಗ. ನಡಿಗೆ ಇಲ್ಲಿಂದ.

ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಮಧ್ಯಾಹ್ನದ ಆರ್ಗನ್ ವಾದನದ ಹೊತ್ತಿಗೆ ಹೋಗಿ. ಇಡೀ ಕಟ್ಟಡವೇ ನುಡಿಯುತ್ತದೆ. ಎದುರಿನ ದಿಬ್ಬದ ಮೇಲೆ ವಿಶ್ವವಿದ್ಯಾಲಯ. ಅಲ್ಲಿ ಪಾಠ ಹೇಳಿದ ವಿಲಿಯಂ ಥಾಮ್ಸನ್ ತಮ್ಮ ಬಿರುದಿಗೆ ಈ ಹೊಳೆಯ ಹೆಸರನ್ನೇ ಆರಿಸಿಕೊಂಡು ಲಾರ್ಡ್ ಕೆಲ್ವಿನ್ ಆದರು. ಶಾಲೆಯಲ್ಲಿ ತಾಪಮಾನದ ಮಾನವಾಗಿ ಕಲಿತ ಹೆಸರು ಇಲ್ಲಿ ಕಾಲಬುಡದಲ್ಲಿ ಹರಿಯುತ್ತದೆ.

ಮುಂದೆ ದಾರಿ ಕಣಿವೆಗೆ ಇಳಿಯುತ್ತದೆ. ರಸ್ತೆಗಳೆಲ್ಲ ತಲೆಯ ಮೇಲೆ, ಸೇತುವೆಗಳಲ್ಲಿ. ಕೆಳಗೆ ನೀರಿನ ಸದ್ದು, ಕಲ್ಲಿನ ಮೇಲೆ ಒಂಟಿಕಾಲಿನ ಬಕ. ಊಟಕ್ಕೆ ಬೈರ್ಸ್ ರೋಡ್‌ಗೆ ಹತ್ತಿ ಬನ್ನಿ, ಸಸ್ಯಾಹಾರಿಗಳು ಪರದಾಡಬೇಕಿಲ್ಲ. ಬೊಟಾನಿಕ್ ಗಾರ್ಡನ್ಸ್‌ನ ಗಾಜಿನ ಮನೆಯೂ ಅಲ್ಲೇ. ಮೇರಿಹಿಲ್‌ನಲ್ಲಿ 1790ರ ಕಲ್ಲಿನ ಮೇಲ್ಗಾಲುವೆ ನದಿಯ ಮೇಲೆ ಹಾದುಹೋಗುತ್ತದೆ. ನೀರಿನ ಮೇಲೆ ನೀರು!

ಇಲ್ಲಿಂದ ದಾರಿ ನಗರದಾಚೆಯ Milngavie ಎಂಬ ಊರಿನವರೆಗೆ ಹೋಗುತ್ತದೆ, ಪೂರ್ತಿ ಸುಮಾರು 17 ಕಿ.ಮೀ. ಊರು ದಾಟಿದ ಮೇಲೆ ಕೆಸರಿರುತ್ತದೆ, ಗಟ್ಟಿ ಬೂಟು ಬೇಕು. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಟೋಪಿಯಿರುವ ಮಳೆ ಅಂಗಿ ಒಯ್ಯಿರಿ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಆತುರ ಬೇಡ. ಮಕ್ಕಳು, ಹಿರಿಯರು ಇದ್ದರೆ ಬೊಟಾನಿಕ್ ಗಾರ್ಡನ್ಸ್‌ಗೆ ನಡಿಗೆ ನಿಲ್ಲಿಸಿ, ಹಿಲ್‌ಹೆಡ್‌ನಿಂದ ಸಬ್‌ವೇಯಲ್ಲಿ ಪಾರ್ಟಿಕ್‌ಗೆ ಬಂದು ರೈಲು ಹಿಡಿಯಿರಿ. ನೀವು ಇಳಿಯಬೇಕಾದ ಆ Milngavieಯನ್ನು ಕಾಗುಣಿತ ನೋಡಿ ‘ಮಿಲ್ನ್‌ಗೇವಿ’ ಎನ್ನಬೇಡಿ. ಸ್ಥಳೀಯರ ಬಾಯಲ್ಲಿ ಅದು ‘ಮಲ್‌ಗೈ’.

ಉತ್ತರದ ಬೆಟ್ಟಸೀಮೆಯ ಫೋರ್ಟ್ ವಿಲಿಯಂ ಊರಿನವರೆಗಿನ 154 ಕಿ.ಮೀ. ಚಾರಣದ ಹಾದಿ ಹೊರಡುವುದು ಈ ಊರಿನಿಂದಲೇ. ಅದರಲ್ಲಿ ಒಂದು ಗಂಟೆ, ಮಗ್‌ಡಾಕ್ ಕಾಡಿನವರೆಗಾದರೂ ನಡೆಯಿರಿ. ಮರಳುವಾಗ ಜಲಾಶಯದ ದಂಡೆಯಲ್ಲಿ ಕುಳಿತುಕೊಳ್ಳಿ. ದೂರದ ಕ್ಯಾಟ್ರಿನ್ ಸರೋವರದ ನೀರು 1859ರಿಂದ ಇಲ್ಲಿಗೆ ಬಂದು ನಗರದ ನಲ್ಲಿಗಳಿಗೆ ಹೋಗುತ್ತಿದೆ. ಬಾಟಲಿ ನೀರು ಕೊಳ್ಳಬೇಡಿ, ನಲ್ಲಿಯದನ್ನೇ ಕುಡಿಯಿರಿ. ಅಷ್ಟು ಸಿಹಿ.