‘ಹ್ಯಾಂಗ್ ಆಗ್ತಿದೆ’ ಅನ್ನೋ ಒಂದೇ ಮಾತು

ನಾನು ಕೆಲಸ ಮಾಡುವುದು ಗೋದಾಮಿನ ಸ್ಟಾಕ್ ನೋಡಿಕೊಳ್ಳುವ ಒಂದು ವಿಂಡೋಸ್ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಮೇಲೆ. ಸಿ ಶಾರ್ಪ್ ಭಾಷೆಯಲ್ಲಿ, ಕಿಟಕಿ, ಬಟನ್‌ಗಳನ್ನು ಕಟ್ಟಲು ಮೈಕ್ರೋಸಾಫ್ಟ್ ಕೊಡುವ ವಿನ್‌ಫಾರ್ಮ್ಸ್ ಬಳಸಿ ಬರೆದದ್ದು. ಸರಕು ಒಳಗೆ ಬಂದರೆ ಒಂದು ಎಂಟ್ರಿ, ಹೊರಗೆ ಹೋದರೆ ಒಂದು ಎಂಟ್ರಿ, ಸಂಜೆ ರಿಪೋರ್ಟ್. ಇದನ್ನು ಬಳಸುವವರು ಬೆಳಿಗ್ಗೆ ತೆರೆದರೆ ಕೆಲಸ ಮುಗಿಯುವ ತನಕ ಅದರ ಮುಂದೆಯೇ ಕೂರುತ್ತಾರೆ. ಅವರಿಂದ ಬರುವ ದೂರು ಸಾಮಾನ್ಯವಾಗಿ ಒಂದೇ ಸಾಲಿನದು: ‘ಸಾಫ್ಟ್‌ವೇರ್ ಹ್ಯಾಂಗ್ ಆಗ್ತಿದೆ.’

ಮೊದಮೊದಲು ಆ ಸಾಲು ಓದಿದ ತಕ್ಷಣ ಕೋಡ್ ತೆರೆದು ಕೂರುತ್ತಿದ್ದೆ. ಡೇಟಾಬೇಸ್‌ಗೆ ಹೋಗುವ ಯಾವ ಕ್ವೆರಿ ನಿಧಾನ, ಮತ್ತೆ ಮತ್ತೆ ಓಡುವ ಯಾವ ಲೂಪ್ ಉದ್ದ ಅಂತ ಹುಡುಕುತ್ತಿದ್ದೆ. ಎಷ್ಟೋ ಸಲ ಏನೂ ಸಿಗುತ್ತಿರಲಿಲ್ಲ. ಬಳಸುವವರ ಬಾಯಲ್ಲಿ ಹ್ಯಾಂಗ್ ಅಂದರೆ ‘ನಾನು ಒತ್ತಿದೆ, ಏನೂ ಆಗಲಿಲ್ಲ’ ಅಂತ. ಅಷ್ಟೇ. ಯಾಕೆ ಆಗಲಿಲ್ಲ ಅನ್ನುವುದು ಅವರಿಗೆ ಗೊತ್ತಿರಬೇಕಾಗಿಲ್ಲ, ಅದನ್ನು ಕಂಡುಹಿಡಿಯುವುದು ನಮ್ಮ ಕೆಲಸ. ಇಷ್ಟು ಅರ್ಥವಾಗಲು ನನಗೆ ಬಹಳ ಟಿಕೆಟ್‌ಗಳು, ಅಂದರೆ ದಾಖಲಾದ ದೂರುಗಳು, ಬೇಕಾದವು. ಅವುಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತೇನೆ.

ನಿಜವಾದ ಹ್ಯಾಂಗ್‌ನಿಂದಲೇ ಶುರು ಮಾಡೋಣ. ವಿಂಡೋಸ್‌ನಲ್ಲಿ ಒಂದು ಕಿಟಕಿಗೆ ಸಂಬಂಧಪಟ್ಟ ಎಲ್ಲ ಕೆಲಸವನ್ನೂ ಅದನ್ನು ಹುಟ್ಟಿಸಿದ ಥ್ರೆಡ್ (ಪ್ರೋಗ್ರಾಮ್ ಒಳಗೆ ಒಂದಾದ ಮೇಲೊಂದು ಕೆಲಸ ನಡೆಸುವ ಎಳೆ) ಒಂದೇ ಮಾಡಬೇಕು. ಮೌಸ್ ಒತ್ತಿದ್ದು, ಕೀ ಒತ್ತಿದ್ದು, ‘ನಿನ್ನನ್ನು ಮತ್ತೆ ಬಿಡಿಸಿಕೋ’ ಅನ್ನುವ ಸೂಚನೆ, ಎಲ್ಲವೂ ಮೆಸೇಜ್ ಆಗಿ ಒಂದು ಸರದಿಯಲ್ಲಿ ನಿಲ್ಲುತ್ತವೆ. ಆ ಥ್ರೆಡ್ ಒಂದೊಂದಾಗಿ ತೆಗೆದು ನಡೆಸುತ್ತದೆ. ನಾವು ಬಟನ್‌ನ ಕ್ಲಿಕ್ ಹ್ಯಾಂಡ್ಲರ್ (ಒತ್ತಿದಾಗ ಓಡುವ ಕೋಡ್) ಒಳಗೇ ಡೇಟಾಬೇಸ್‌ಗೆ ಹೋಗಿ 8 ಸೆಕೆಂಡ್ ಕಾದರೆ, ಆ 8 ಸೆಕೆಂಡ್ ಸರದಿ ಒಂದಿಂಚೂ ಮುಂದೆ ಹೋಗುವುದಿಲ್ಲ. 5 ಸೆಕೆಂಡ್ ಆದರೂ ಮೆಸೇಜ್ ತೆಗೆಯಲಿಲ್ಲ ಅಂದರೆ ವಿಂಡೋಸ್ ಆ ಕಿಟಕಿಯ ಜಾಗದಲ್ಲಿ ತನ್ನದೇ ಒಂದು ನಕಲು ಕಿಟಕಿ ಇಡುತ್ತದೆ. ಮೇಲೆ ಬಿಳಿ ಪೊರೆ ಬಂದಂತೆ ಕಾಣುತ್ತದೆ, ತಲೆಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತದೆ.

ಇದು ಪುಸ್ತಕದಲ್ಲಿ ಸಿಗುವ ವಿಷಯ. ನನಗೆ ಪಾಠ ಕಲಿಸಿದ್ದು ಇದರ ಪಕ್ಕದಲ್ಲೇ ಇದ್ದ ಇನ್ನೊಂದು ತೊಂದರೆ. ಒಂದೇ ಸರಕಿನ ಎಂಟ್ರಿ ಎರಡು, ಮೂರು ಸಲ ಸೇವ್ ಆಗುತ್ತಿತ್ತು. ನಾವು ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲೇ ಸೇವ್ ಬಟನ್ ಡಿಸೇಬಲ್ ಮಾಡುತ್ತಿದ್ದೆವು, ಕೊನೆಯ ಸಾಲಿನಲ್ಲಿ ಮತ್ತೆ ಎನೇಬಲ್ ಮಾಡುತ್ತಿದ್ದೆವು. ಹಾಗಿದ್ದೂ ಎರಡನೇ ಕ್ಲಿಕ್ ಒಳಗೆ ಬಂದದ್ದು ಹೇಗೆ? ಒಂದು ದಿನ ಪೂರ್ತಿ ತಲೆ ಕೆಡಿಸಿಕೊಂಡೆ. ಉತ್ತರ ಆ ಸರದಿಯಲ್ಲೇ ಇತ್ತು. ಥ್ರೆಡ್ ಕಾಯುತ್ತಿರುವಾಗ ಬಳಸುವವರು ಒತ್ತಿದ ಕ್ಲಿಕ್ ಎಲ್ಲೂ ಹೋಗುವುದಿಲ್ಲ, ಸರದಿಯಲ್ಲಿ ನಿಂತಿರುತ್ತದೆ. ನಮ್ಮ ಹ್ಯಾಂಡ್ಲರ್ ಕೆಲಸ ಮುಗಿಸಿ, ಬಟನ್ ಎನೇಬಲ್ ಮಾಡಿ ಹೊರಗೆ ಬರುತ್ತದೆ. ಆಮೇಲೆ ಥ್ರೆಡ್ ಸರದಿ ನೋಡುತ್ತದೆ: ಒಂದು ಕ್ಲಿಕ್ ಇದೆ, ಬಟನ್ ಎನೇಬಲ್ ಆಗಿದೆ. ಸರಿ, ನಡೆಸು. ಬಟನ್ ಡಿಸೇಬಲ್ ಆಗಿದ್ದ ಅಷ್ಟೂ ಹೊತ್ತು ಅದನ್ನು ಗಮನಿಸಬೇಕಾದವರೇ ಬಿಡುವಾಗಿರಲಿಲ್ಲ.

ಅದಕ್ಕೆ ಮೊದಲು ಯಾರೋ ಲೂಪ್ ಮಧ್ಯೆ ಡುಈವೆಂಟ್ಸ್ ಹಾಕಿದ್ದರು. ಅದು ಸರದಿಯನ್ನು ಅಲ್ಲೇ ಓಡಿಸುತ್ತದೆ, ಸ್ಕ್ರೀನ್ ಜೀವಂತವಾಗಿ ಕಾಣುತ್ತದೆ. ಆದರೆ ಲೂಪ್ ಅರ್ಧದಲ್ಲಿರುವಾಗ ಬಳಸುವವರು ಫಾರ್ಮ್ ಮುಚ್ಚಿಬಿಟ್ಟರೆ? ಮುಚ್ಚಿದ ಫಾರ್ಮ್‌ನ ಮೇಲೆ ಕೋಡ್ ಮುಂದುವರಿಯುತ್ತದೆ, ಎಕ್ಸೆಪ್ಷನ್ (ಓಡುವಾಗ ಬರುವ ದೋಷ) ಬೀಳುತ್ತದೆ. ನನ್ನ ಮಟ್ಟಿಗೆ ಡುಈವೆಂಟ್ಸ್ ಮುಟ್ಟದೇ ಇರುವುದೇ ಒಳ್ಳೆಯದು. 2012ರಲ್ಲಿ ಸಿ ಶಾರ್ಪ್ 5 ಜೊತೆ, ಥ್ರೆಡ್ ತಡೆಯದೆ ಕಾಯಲು ಬಿಡುವ ಅಸಿಂಕ್-ಅವೇಟ್ ಬಂದ ಮೇಲೆ ಡುಈವೆಂಟ್ಸ್ ಬಳಸಲು ಕಾರಣವೂ ಉಳಿದಿಲ್ಲ. ಬಟನ್ ಡಿಸೇಬಲ್ ಮಾಡು, ಡೇಟಾಬೇಸ್ ಕೆಲಸವನ್ನು ಅವೇಟ್ ಮಾಡು, ಆಮೇಲೆ ಎನೇಬಲ್ ಮಾಡು. ಕಾಯುವ ಹೊತ್ತಿನಲ್ಲಿ ಥ್ರೆಡ್ ಬಿಡುವಾಗಿರುತ್ತದೆ. ಆಗ ಬಂದ ಎರಡನೇ ಕ್ಲಿಕ್ ಡಿಸೇಬಲ್ ಆದ ಬಟನ್ ಮೇಲೆ ಬಿದ್ದು ಅಲ್ಲೇ ಮುಗಿಯುತ್ತದೆ. ಒಂದೇ ಎಚ್ಚರಿಕೆ: ಆ ಟಾಸ್ಕ್‌ನ (ಅವೇಟ್ ಮಾಡುವ ಕೆಲಸದ) ಮೇಲೆ ಅವೇಟ್ ಬಿಟ್ಟು, ಥ್ರೆಡ್ ಅನ್ನು ಅಲ್ಲೇ ನಿಲ್ಲಿಸಿ ಕಾಯಿಸುವ ರಿಸಲ್ಟ್ ಅಥವಾ ವೇಟ್ ಕರೆಯಬೇಡಿ. ಟಾಸ್ಕ್ ಮುಗಿಯಲು ಯುಐ ಥ್ರೆಡ್, ಅಂದರೆ ಕಿಟಕಿ ನೋಡಿಕೊಳ್ಳುವ ಆ ಥ್ರೆಡ್, ಬೇಕು, ಯುಐ ಥ್ರೆಡ್ ಟಾಸ್ಕ್ ಮುಗಿಯಲಿ ಅಂತ ನಿಂತಿರುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಹಾಗೇ ಉಳಿಯುತ್ತಾರೆ.

ಇಷ್ಟು ಸರಿಮಾಡಿದ ಮೇಲೂ ಹ್ಯಾಂಗ್ ಟಿಕೆಟ್‌ಗಳು ನಿಲ್ಲಲಿಲ್ಲ.

ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಸಾಫ್ಟ್‌ವೇರ್ ‘ಓಪನ್ನೇ ಆಗಲ್ಲ’ ಅಂದರು. ಟಾಸ್ಕ್‌ಬಾರ್‌ನಲ್ಲಿ ಐಕಾನ್ ಇದೆ, ಒತ್ತಿದರೆ ಏನೂ ಕಾಣುವುದಿಲ್ಲ. ನಾವು ಮುಚ್ಚುವಾಗ ಕಿಟಕಿಯ ಜಾಗವನ್ನು ನೆನಪಿಟ್ಟುಕೊಂಡು ಮರುದಿನ ಅಲ್ಲೇ ತೆರೆಯುತ್ತಿದ್ದೆವು. ಸೆಟ್ಟಿಂಗ್ಸ್ ಫೈಲ್ ತೆರೆದರೆ ಎಡ -32000, ಮೇಲೆ -32000 ಅಂತ ಇತ್ತು. ಮಿನಿಮೈಸ್ ಆದ ಕಿಟಕಿಯನ್ನು ವಿಂಡೋಸ್ ಇಡುವ ಜಾಗ ಅದು. ಅವರು ಮಿನಿಮೈಸ್ ಆಗಿದ್ದಾಗಲೇ ಟಾಸ್ಕ್‌ಬಾರ್‌ನಿಂದ ಮುಚ್ಚಿದ್ದರು, ನಾವು ಅದನ್ನೇ ಸೇವ್ ಮಾಡಿದ್ದೆವು. ಎರಡನೇ ಮಾನಿಟರ್ ಕಿತ್ತು ಲ್ಯಾಪ್‌ಟಾಪ್ ಮನೆಗೆ ಒಯ್ದವರಿಗೂ ಇದೇ ಪಾಡು. ಈಗ ಲೊಕೇಶನ್ ಬದಲು ರಿಸ್ಟೋರ್‌ಬೌಂಡ್ಸ್ (ಮಿನಿಮೈಸ್ ಆಗದಿದ್ದಾಗಿನ ಜಾಗ) ಸೇವ್ ಮಾಡುತ್ತೇವೆ. ತೆರೆಯುವಾಗ ಆ ಜಾಗ ಈಗಿರುವ ಯಾವುದಾದರೂ ಸ್ಕ್ರೀನ್‌ನ ವರ್ಕಿಂಗ್ ಏರಿಯಾ (ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗ) ಒಳಗೆ ಬರುತ್ತದಾ ಅಂತ ನೋಡುತ್ತೇವೆ. ಬರದಿದ್ದರೆ ಮುಖ್ಯ ಸ್ಕ್ರೀನ್ ಮಧ್ಯದಲ್ಲಿ ತೆರೆಯುತ್ತೇವೆ.

ಇನ್ನೊಂದು ಜಾಗದಿಂದ ಬಂದ ದೂರಿಗೆ ಗಡಿಯಾರದ ಲೆಕ್ಕ ಇತ್ತು: ‘ಬೆಳಿಗ್ಗೆ ಚೆನ್ನಾಗಿರುತ್ತೆ, ಸಂಜೆ ಹೊತ್ತಿಗೆ ಹ್ಯಾಂಗ್.’ ರಿಮೋಟ್ ತೆಗೆದುಕೊಂಡು ನೋಡಿದರೆ ಗ್ರಿಡ್ ಇರಬೇಕಾದ ಜಾಗದಲ್ಲಿ ಬಿಳಿ ಚೌಕ, ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಅಡ್ಡಗೆರೆಗಳು. ಕಂಟ್ರೋಲ್ (ಗ್ರಿಡ್, ಬಟನ್‌ನಂಥ ಭಾಗ) ತನ್ನನ್ನು ಬಿಡಿಸಿಕೊಳ್ಳುವಾಗ ಎಕ್ಸೆಪ್ಷನ್ ಬಿದ್ದರೆ ವಿನ್‌ಫಾರ್ಮ್ಸ್ ಹೀಗೆ ತೋರಿಸುತ್ತದೆ. ಮೆಮೊರಿ ನೋಡಿದೆ, ಮಾಮೂಲಾಗಿತ್ತು. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ‘ಜಿಡಿಐ ಆಬ್ಜೆಕ್ಟ್ಸ್’ ಅನ್ನುವ ಕಾಲಂ ಇದೆ, ಚಿತ್ರ, ಫಾಂಟ್‌ನಂಥ ಬಿಡಿಸುವ ಸಾಮಗ್ರಿ ಎಷ್ಟು ಹಿಡಿದುಕೊಂಡಿದೆ ಅಂತ ಅದು ತೋರಿಸುತ್ತದೆ. ತಾನಾಗಿ ಕಾಣುವುದಿಲ್ಲ, ಕಾಲಂ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ಸೇರಿಸಬೇಕು. ಸೇರಿಸಿದೆ. ಸಂಖ್ಯೆ 10,000ಕ್ಕೆ ಹತ್ತಿ ನಿಂತಿತ್ತು. ಒಂದು ಪ್ರೋಗ್ರಾಮ್‌ಗೆ ವಿಂಡೋಸ್ ಸಾಮಾನ್ಯವಾಗಿ ಕೊಡುವ ಮಿತಿ ಅದೇ.

ಮುಚ್ಚಿ ಹೊಸದಾಗಿ ತೆರೆಸಿ, ಆ ಕಾಲಂ ನೋಡುತ್ತಾ ಸುಮ್ನೆ ಕೂತೆ. 5 ಸೆಕೆಂಡಿಗೊಮ್ಮೆ ಗ್ರಿಡ್ ರಿಫ್ರೆಶ್ ಆಗುತ್ತಿತ್ತು. ಪ್ರತಿ ಸಲ ಸಂಖ್ಯೆ ಎರಡು ಏರುತ್ತಿತ್ತು, ಒಂದು ಸಲವೂ ಇಳಿಯುತ್ತಿರಲಿಲ್ಲ. ಗಂಟೆಗೆ 1,440. ಏಳು ಗಂಟೆ ತುಂಬುವುದರೊಳಗೆ ಮಿತಿ ಮುಗಿಯುತ್ತದೆ. ದೂರಿನ ಗಡಿಯಾರ ತಾಳೆಯಾಯಿತು. ಒಂದು ಹಳೆಯ ನೇಟಿವ್ ಕಂಟ್ರೋಲ್‌ಗೆ ಕೊಡಲು ಎರಡು ಚಿಕ್ಕ ಚಿತ್ರಗಳ ಮೇಲೆ ಗೆಟ್‌ಎಚ್‌ಬಿಟ್‌ಮ್ಯಾಪ್ ಕರೆಯುತ್ತಿದ್ದೆವು. ಅದು ಕೊಡುವ ಹ್ಯಾಂಡಲ್ (ಹೊಸ ಜಿಡಿಐ ಆಬ್ಜೆಕ್ಟ್‌ನ ಗುರುತು) ನಮ್ಮದು, ಡಿಲೀಟ್‌ಆಬ್ಜೆಕ್ಟ್ ಕರೆದು ನಾವೇ ಬಿಡಬೇಕು. ಬಿಟ್‌ಮ್ಯಾಪ್ ಅನ್ನು ಡಿಸ್ಪೋಸ್ ಮಾಡಿದರೂ ಆ ಹ್ಯಾಂಡಲ್ ಹೋಗುವುದಿಲ್ಲ, ಬೇಡದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್‌ಗೆ ಅದು ಇದೆ ಅನ್ನುವುದೂ ಗೊತ್ತಿಲ್ಲ. ಪ್ರತಿ ರಿಫ್ರೆಶ್‌ಗೆ ಹೊಸದು ಮಾಡುವುದನ್ನೇ ನಿಲ್ಲಿಸಿ, ಶುರುವಿನಲ್ಲಿ ಒಂದೇ ಸಲ ಮಾಡಿಟ್ಟುಕೊಂಡೆವು. ಆ ಕಾಲಂ ಅಂದಿನಿಂದ ನನ್ನ ಕಂಪ್ಯೂಟರ್‌ನಲ್ಲಿ ಯಾವಾಗಲೂ ತೆರೆದೇ ಇರುತ್ತದೆ.

ಡಿಪಿಐ (ಸ್ಕ್ರೀನ್‌ನಲ್ಲಿ ಎಲ್ಲವನ್ನೂ ಎಷ್ಟು ದೊಡ್ಡದಾಗಿ ತೋರಿಸಬೇಕು ಅನ್ನುವ ಲೆಕ್ಕ) ಕೂಡ ಹ್ಯಾಂಗ್ ವೇಷದಲ್ಲಿ ಬಂದದ್ದುಂಟು. 700 ಪಿಕ್ಸೆಲ್ ಎತ್ತರದ ಒಂದು ಡೈಲಾಗ್ ಇತ್ತು. ನಾವು ಅದನ್ನು 100 ಶೇಕಡಾ ಸ್ಕೇಲಿಂಗ್‌ನಲ್ಲಿ, ಅಂದರೆ 96 ಡಿಪಿಐನಲ್ಲಿ ವಿನ್ಯಾಸ ಮಾಡಿದ್ದೆವು. 150 ಶೇಕಡಾ ಇಟ್ಟುಕೊಂಡವರ ಯಂತ್ರದಲ್ಲಿ ಅದು 1,050 ಆಯಿತು. ಅವರ ಸ್ಕ್ರೀನ್ ಎತ್ತರ 1,080, ಅದರಲ್ಲಿ ಟಾಸ್ಕ್‌ಬಾರ್ ತನ್ನ ಪಾಲು ತೆಗೆದುಕೊಂಡಿತ್ತು. ಕೆಳತುದಿಯಲ್ಲಿದ್ದ ಸೇವ್ ಬಟನ್ ಅದರ ಹಿಂದೆ ಹೋಯಿತು. ಎಲ್ಲ ತುಂಬಿಸುತ್ತಾರೆ, ಮುಂದೆ ಹೋಗಲು ದಾರಿ ಇಲ್ಲ, ಮೇಲಿನ ಇಂಟು ಗುರುತು ಒತ್ತಿದರೆ ತುಂಬಿಸಿದ್ದೆಲ್ಲ ಹೋಗುತ್ತದೆ. ಪಾಪ, ಅದನ್ನು ಅವರು ಇನ್ನೇನೆಂದು ಕರೆಯಬೇಕು? ಬಟನ್‌ಗಳನ್ನು ಬೇರೆ ಪ್ಯಾನೆಲ್‌ನಲ್ಲಿಟ್ಟು ಕೆಳಗೆ ಡಾಕ್ ಮಾಡಿದೆವು, ಉಳಿದ ಭಾಗಕ್ಕೆ ಆಟೋಸ್ಕ್ರಾಲ್ ಕೊಟ್ಟೆವು, ಫಾರ್ಮ್ ಎತ್ತರ ವರ್ಕಿಂಗ್ ಏರಿಯಾ ಮೀರದ ಹಾಗೆ ಮಾಡಿದೆವು. ಆಕ್ಸೆಪ್ಟ್‌ಬಟನ್ ಕೂಡ ಸೆಟ್ ಮಾಡಿದೆವು. ಅದಿದ್ದಿದ್ದರೆ ಬಟನ್ ಕಾಣದಿದ್ದರೂ ಎಂಟರ್ ಒತ್ತಿ ಸೇವ್ ಮಾಡಬಹುದಿತ್ತು ಅಲ್ವಾ.

ನನ್ನ ಕೆಲಸದ ರೀತಿ ಬದಲಾಯಿಸಿದ್ದು ಮಾತ್ರ ಒಂದು ಫೋನ್ ಕರೆ. ರಿಪೋರ್ಟ್ ಮಾಡುವವರೊಬ್ಬರಿಗೆ ವಾರಕ್ಕೆರಡು ಸಲ ಹ್ಯಾಂಗ್ ಆಗುತ್ತಿತ್ತು. ನನ್ನ ಕಡೆ ಒಮ್ಮೆಯೂ ಆಗಲಿಲ್ಲ. ‘ಆದ ತಕ್ಷಣ ಏನೂ ಮುಚ್ಚಬೇಡಿ, ನನಗೆ ಫೋನ್ ಮಾಡಿ’ ಅಂದಿದ್ದೆ. ಮಾಡಿದರು.

‘ಈಗ ಆಗಿದೆ ಸರ್. ನೋಡಿ, ಎಲ್ಲಿ ಒತ್ತಿದ್ರೂ ಏನೂ ಆಗ್ತಿಲ್ಲ.’

ಅವರು ಒತ್ತುತ್ತಿದ್ದರು, ನನಗೆ ಫೋನಿನಲ್ಲಿ ಕೇಳಿಸುತ್ತಿತ್ತು. ಟಿಣ್. ಟಿಣ್. ಟಿಣ್.

‘ಆ ಸದ್ದು ನಿಮ್ಮ ಕಂಪ್ಯೂಟರ್‌ದಾ?’

‘ಹೂಂ ಸರ್, ಒತ್ತಿದಾಗೆಲ್ಲ ಹೀಗೇ ಅನ್ನುತ್ತೆ.’

ನಿಜವಾಗಿ ಹ್ಯಾಂಗ್ ಆದ ಕಿಟಕಿ ಹೀಗೆ ಸದ್ದು ಮಾಡುವುದಿಲ್ಲ. ಡಿಸೇಬಲ್ ಆದ ಕಿಟಕಿಯ ಮೇಲೆ ಒತ್ತಿದರೆ ಮಾತ್ರ ಟಿಣ್ ಅನ್ನುತ್ತದೆ, ಹಾಗೆ ಅನ್ನಬೇಕಾದರೂ ಥ್ರೆಡ್ ಮೆಸೇಜ್ ನಡೆಸುತ್ತಿರಬೇಕು. ಅಂದರೆ ಸಾಫ್ಟ್‌ವೇರ್ ಚೆನ್ನಾಗಿಯೇ ಓಡುತ್ತಿದೆ, ಎಲ್ಲೋ ಒಂದು ಡೈಲಾಗ್ ಉಳಿದ ಕಿಟಕಿಗಳನ್ನು ಡಿಸೇಬಲ್ ಮಾಡಿ ಉತ್ತರಕ್ಕೆ ಕಾಯುತ್ತಿದೆ. ‘ಆಲ್ಟ್ ಹಿಡಿದುಕೊಂಡು ಟ್ಯಾಬ್ ಒತ್ತಿ, ಏನೇನು ಕಾಣುತ್ತೆ ಓದಿ’ ಅಂದೆ. ಓದುತ್ತಾ ಹೋದರು. ಮೂರನೆಯದು ನಮ್ಮ ‘ರಿಪೋರ್ಟ್ ಸಿದ್ಧವಾಗಿದೆ, ತೆರೆಯಬೇಕೇ?’ ಡೈಲಾಗ್. ಮುಖ್ಯ ಕಿಟಕಿಯ ಹಿಂದೆ ಅಷ್ಟು ಹೊತ್ತೂ ಕೂತಿತ್ತು.

ಅವರಿಗೆ ಆಗಿ ನನಗೆ ಆಗದೇ ಇದ್ದದ್ದು ಯಾಕೆ ಅಂತ ಆಮೇಲೆ ತಿಳಿಯಿತು. ರಿಪೋರ್ಟ್ ಆಗುವಾಗ ನಾನು ಸ್ಕ್ರೀನ್ ನೋಡುತ್ತಾ ಕಾಯುತ್ತಿದ್ದೆ. ಅವರು ಕಾಯುತ್ತಿರಲಿಲ್ಲ, ಆ ಹೊತ್ತಿನಲ್ಲಿ ಎಕ್ಸೆಲ್‌ಗೆ ಹೋಗಿ ಬೇರೆ ಕೆಲಸ ಮಾಡುತ್ತಿದ್ದರು. ಡೈಲಾಗ್ ತೆರೆಯುವ ಶೋಡೈಲಾಗ್ ಅನ್ನು ನಾವು ಓನರ್ (ಆ ಡೈಲಾಗ್ ಸೇರಬೇಕಾದ ಕಿಟಕಿ) ಕೊಡದೆ ಕರೆದಿದ್ದೆವು. ಓನರ್ ಇಲ್ಲದಿದ್ದರೆ ಆ ಥ್ರೆಡ್‌ನಲ್ಲಿ ಆಗ ಆಕ್ಟಿವ್ ಆಗಿರುವ ಕಿಟಕಿಯನ್ನೇ ಓನರ್ ಮಾಡಿಕೊಳ್ಳುತ್ತದೆ. ಬಳಸುವವರು ಎಕ್ಸೆಲ್‌ನಲ್ಲಿದ್ದರೆ ನಮ್ಮ ಯಾವ ಕಿಟಕಿಯೂ ಆಕ್ಟಿವ್ ಅಲ್ಲ. ಡೈಲಾಗ್ ಯಾರಿಗೂ ಸೇರದೆ ಹುಟ್ಟುತ್ತದೆ. ಓನರ್ ಇರುವ ಡೈಲಾಗ್ ಯಾವಾಗಲೂ ಓನರ್‌ನ ಮೇಲೇ ಇರುತ್ತದೆ, ಓನರ್ ಇಲ್ಲದ್ದು ಹಿಂದೆ ಹೋಗಬಹುದು. ಟಾಸ್ಕ್‌ಬಾರ್‌ನಲ್ಲೂ ಬೇಡ ಅಂತ ನಾವೇ ಸೆಟ್ ಮಾಡಿದ್ದರಿಂದ ಕೆಳಗೆ ಸುಳಿವೂ ಇರಲಿಲ್ಲ. ಸರಿಪಡಿಸಲು ಬೇಕಾದದ್ದು ಒಂದೇ ಪದ: ಬ್ರಾಕೆಟ್ ಒಳಗೆ ‘ದಿಸ್’, ಅಂದರೆ ಇದೇ ಫಾರ್ಮ್. ಇಡೀ ಪ್ರಾಜೆಕ್ಟ್‌ನಲ್ಲಿ ಶೋಡೈಲಾಗ್, ಮೆಸೇಜ್‌ಬಾಕ್ಸ್ ಎಲ್ಲೆಲ್ಲಿವೆ ಹುಡುಕಿ, ಓನರ್ ಇಲ್ಲದ ಪ್ರತಿಯೊಂದಕ್ಕೂ ಕೊಟ್ಟೆವು.

ಆ ಕರೆಯ ಮೇಲೆ ಟಿಕೆಟ್ ಬಂದರೆ ಮೊದಲು ಕೋಡ್ ತೆರೆಯುವುದನ್ನು ಬಿಟ್ಟೆ. ಮೊದಲು ಫೋನ್ ಮಾಡುತ್ತೇನೆ: ಒತ್ತಿದಾಗ ಸದ್ದು ಬರುತ್ತಾ, ಸ್ಕ್ರೀನ್ ಬೆಳ್ಳಗಾಗಿದೆಯಾ, ಕಿಟಕಿ ಕಾಣುತ್ತಿದೆಯಾ, ಶುರುವಾಗಿ ಎಷ್ಟು ಹೊತ್ತಾಯಿತು. ಎರಡು ನಿಮಿಷದ ಮಾತು, ದಿನಗಟ್ಟಲೆ ಹುಡುಕಾಟ ಉಳಿಯುತ್ತದೆ.

ನಿಜವಾದ ಹ್ಯಾಂಗ್ ಯಾವುದು ಅಂತ ಸಾಫ್ಟ್‌ವೇರೇ ಹೇಳುವ ಹಾಗೆ ಒಂದು ಚಿಕ್ಕ ಕಾವಲನ್ನೂ ಸೇರಿಸಿದೆವು. ಹಿಂದೆ ಓಡುವ ಒಂದು ಥ್ರೆಡ್ ಪ್ರತಿ ಸೆಕೆಂಡ್ ಬಿಗಿನ್‌ಇನ್‌ವೋಕ್ ಮೂಲಕ ಯುಐ ಥ್ರೆಡ್‌ಗೆ ಒಂದು ಖಾಲಿ ಕೆಲಸ ಕಳಿಸುತ್ತದೆ. 2 ಸೆಕೆಂಡ್ ಒಳಗೆ ಅದು ಮುಗಿಯದಿದ್ದರೆ ಸಮಯ, ತೆರೆದಿದ್ದ ಫಾರ್ಮ್‌ನ ಹೆಸರು ಎರಡನ್ನೂ ಲಾಗ್‌ಗೆ ಬರೆಯುತ್ತದೆ. ಫಾರ್ಮ್ ಹೆಸರನ್ನು ಮೊದಲೇ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡಿರುತ್ತೇವೆ, ಯಾಕೆಂದರೆ ಬೇರೆ ಥ್ರೆಡ್‌ನಿಂದ ಕಂಟ್ರೋಲ್ ಮುಟ್ಟುವ ಹಾಗಿಲ್ಲ. ಇಲ್ಲೊಂದು ಮಾತು ಸೇರಿಸಬೇಕು. ಹಾಗೆ ಮುಟ್ಟಿದರೆ ಬೀಳುವ ಎಕ್ಸೆಪ್ಷನ್ ಡೀಬಗ್ಗರ್ (ತಪ್ಪು ಹುಡುಕಲು ನಾವು ಬಳಸುವ ಉಪಕರಣ) ಜೊತೆ ಓಡಿಸಿದಾಗ ಖಂಡಿತ ಕಾಣುತ್ತದೆ. ಡೀಬಗ್ಗರ್ ಇಲ್ಲದಿದ್ದರೆ ಆ ತಪಾಸಣೆ ತಾನಾಗಿ ಆಗುವುದಿಲ್ಲ, ತಪ್ಪು ಸದ್ದಿಲ್ಲದೆ ಬಳಸುವವರ ಯಂತ್ರಕ್ಕೆ ಹೋಗಿಬಿಡುತ್ತದೆ. ಡೀಬಗ್ಗರ್‌ನಲ್ಲಿ ಎಕ್ಸೆಪ್ಷನ್ ಬಂತೆಂದು ಆ ತಪಾಸಣೆಯನ್ನೇ ಆಫ್ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕಾವಲು ಹಾಕಿದ ಮೊದಲ ವಾರವೇ ಒಂದು ಲಾಗ್ ಬಂತು. ಬೆಳಿಗ್ಗೆ ಮೊದಲ ಸಲ ಪ್ರಿಂಟ್ ಫಾರ್ಮ್ ತೆರೆದಾಗ 11 ಸೆಕೆಂಡ್ ಥ್ರೆಡ್ ನಿಂತಿತ್ತು. ಅದರ ಬಗ್ಗೆ ಯಾರೂ ಟಿಕೆಟ್ ಹಾಕಿರಲಿಲ್ಲ. ಫಾರ್ಮ್ ಲೋಡ್ ಆಗುವಾಗ ಪ್ರತಿ ಪ್ರಿಂಟರ್ ಸರಿಯಿದೆಯಾ ಅಂತ ನಾವು ಕೇಳುತ್ತಿದ್ದೆವು, ಅದರಲ್ಲಿ ಒಂದು ನೆಟ್‌ವರ್ಕ್ ಪ್ರಿಂಟರ್ ಆಫ್ ಆಗಿತ್ತು. ಅದನ್ನು ಹಿನ್ನೆಲೆಗೆ ಸರಿಸಿ, ಪಟ್ಟಿ ಬರುವ ತನಕ ಕಳೆದ ಸಲ ಬಳಸಿದ ಪ್ರಿಂಟರ್ ಹೆಸರು ತೋರಿಸಿದೆವು. ಅಲ್ಲಿ ಕೂರುವವರಿಗೆ ಫೋನ್ ಮಾಡಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ‘ಪ್ರಿಂಟ್ ಅಂದ್ಮೇಲೆ ಅಷ್ಟು ಹೊತ್ತು ಆಗೇ ಆಗುತ್ತೆ ಅಂದ್ಕೊಂಡಿದ್ವಿ ಸರ್’ ಅಂದರು.