ಪಟ್ಟಣಕೋಡೋಲಿಗೆ ಕಂಬಳಿ ಹುಡುಕಿ ಹೋಗುವವರಿಗೆ

ಕೊಲ್ಹಾಪುರ ಜಿಲ್ಲೆಯ ಪಟ್ಟಣಕೋಡೋಲಿಗೆ ಉಣ್ಣೆ ಕೆಲಸ ನೋಡಲು ಹೋಗುವುದಾದರೆ ಬೀರದೇವರ ಜಾತ್ರೆಯ ದಿನಗಳು ಬೇಡ. ಅದು ಅಕ್ಟೋಬರ್ ಸುಮಾರಿಗೆ ಬರುತ್ತದೆ. ಭಂಡಾರ, ಅಂದರೆ ಅರಿಶಿನ ಪುಡಿ ತೂರುವುದನ್ನು ನೋಡಲೇಬೇಕು ಅನ್ನುವವರ ಮಾತು ಬೇರೆ. ನನಗಂತೂ ಆ ನೂಕುನುಗ್ಗಲಿನಲ್ಲಿ ಉಸಿರು ಕಟ್ಟಿತು. ಇಚಲಕರಂಜಿಯ ಲಾಡ್ಜೊಂದರಲ್ಲಿ ಫೋನಿನಲ್ಲಿ 900 ಅಂದವರು, ಬಾಗಿಲಿಗೆ ಹೋದ ಮೇಲೆ 2,200 ಕೇಳಿದರು. ಕಿಟಕಿಯೇ ಇಲ್ಲದ ಕೋಣೆ ಅದು. ನಿಪ್ಪಾಣಿಯಲ್ಲೇ ಉಳಿದು ಬೆಳಿಗ್ಗೆ ಕಾಗಲ್, ಹುಪರಿ ದಾರಿಯಲ್ಲಿ ಹೋಗಿ.

ಜಾತ್ರೆಯ ಅಂಗಡಿಯೊಂದರಲ್ಲಿ ನನ್ನ ಗೆಳೆಯನಿಗೆ ಕೈಮಗ್ಗದ್ದೆಂದು 1,800ಕ್ಕೆ ಕಂಬಳಿ ಮಾರಿದರು. ಅಂಚಿನ ಎಳೆ ಕಿತ್ತು ಸುಟ್ಟರೆ ಕರಗಿ ಗಟ್ಟಿ ಮಣಿಯಾಯಿತು. ಅಕ್ರಿಲಿಕ್, ಅಂದರೆ ಕೃತಕ ನೂಲು! ಕುರಿ ತುಪ್ಪಟವಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ವಾಪಸ್ ಕೇಳಿದ್ದಕ್ಕೆ ಬೈಗುಳವೇ ಸಿಕ್ಕಿತು. ಬೆಂಕಿಪೊಟ್ಟಣ ಜೇಬಲ್ಲಿರಲಿ, ದುಡ್ಡು ಕೊಡುವ ಮೊದಲೇ ಸುಟ್ಟು ನೋಡಿ.

ಊಟಕ್ಕೆ ಬಸ್ ನಿಲ್ದಾಣದ ಹಿಂದಿನ ತಗಡಿನ ಖಾನಾವಳಿಗೇ ಹೋಗಿ. ನಡೆಸುವ ಅಕ್ಕ ರಾಯಬಾಗದ ಕಡೆಯವರು, ಕನ್ನಡದಲ್ಲೇ ಮಾತು. ಒಲೆಯಿಂದ ನೇರ ತಟ್ಟೆಗೆ ಬೀಳುವ ಜೋಳದ ರೊಟ್ಟಿ, ಝುಣಕ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುದ್ದಿದ ಉಳ್ಳಾಗಡ್ಡಿ. 70 ರೂಪಾಯಿಗೆ ಹೊಟ್ಟೆ ತುಂಬ. ಆ ಎಣ್ಣೆಗಾಯಿಗಾಗಿಯೇ ಇನ್ನೊಮ್ಮೆ ಹೋಗಬಹುದು. ಸಾಕು ಅಂದರೂ "ಇನ್ನೊಂದ್ ರೊಟ್ಟಿ ಹಾಕ್ತೀನ್ರಿ" ಅನ್ನುತ್ತಾರೆ.

ಜಾತ್ರೆ ಮುಗಿದ ಮೇಲೆ ಮತ್ತೆ ಹೋದಾಗ, ಉಣ್ಣೆ ಹಾಸು ಮಾಡುವ ಅಜ್ಜನ ಮನೆ ತೋರಿಸಿದ್ದೂ ಅವರೇ. ಈ ಹಾಸು ಮಾಡಲು ಮಗ್ಗ ಬೇಡ, ನೂಲೂ ಬೇಡ. ಹಿಂಜಿದ ತುಪ್ಪಟವನ್ನು ಅಜ್ಜ ಚಾಪೆಯ ಮೇಲೆ ಒಂದು ಪದರ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ ಹರಡಿದರು. ಬಿಸಿ ಸಾಬೂನು ನೀರು ಚಿಮುಕಿಸಿ ಅಂಗೈಯಲ್ಲಿ ತಿಕ್ಕತೊಡಗಿದರು. ನಾನು ಕೈ ಹಾಕಿದ್ದೇ ತಡ, "ಮೊದ್ಲ ಹಗೂರ ತಮ್ಮಾ, ಜೋರ್ ಒತ್ತಿದ್ರ ಪದರ ಸರೀತಾವ" ಅಂದರು. ಉಣ್ಣೆಯ ಎಳೆಯ ಮೈಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ನೀರು, ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಆಮೇಲೆ ಚಾಪೆ ಸುತ್ತಿ ಉರುಳಿಸಿದರು, ಬಿಚ್ಚಿದರು, ದಿಕ್ಕು ಬದಲಿಸಿ ಮತ್ತೆ ಸುತ್ತಿದರು. ಮಧ್ಯಾಹ್ನದ ಹೊತ್ತಿಗೆ ಹಾಸು ಕುಗ್ಗಿ, ಎಳೆದರೂ ಬಿಡದಷ್ಟು ಗಟ್ಟಿಯಾಗಿತ್ತು.

ದಖ್ಖನಿ ಕುರಿಯ ತುಪ್ಪಟ ಒರಟು. ಕೊಳ್ಳುವವರಿಲ್ಲದೆ ಎಷ್ಟೋ ಕುರಿಗಾರರು ಅದನ್ನು ಕತ್ತರಿಸಿದ ಜಾಗದಲ್ಲೇ ಬಿಟ್ಟು ಹೋಗುತ್ತಾರೆ. ಎಂಥಾ ನಷ್ಟ, ಅಲ್ವಾ? ಒಬ್ಬರು ಕೂರುವಷ್ಟಗಲದ ಹಾಸಿನ ಬೆಲೆ ಅಜ್ಜ 600 ಹೇಳಿದರು. ಅಷ್ಟು ಹೊತ್ತಿನ ದುಡಿಮೆ ಕಣ್ಣಾರೆ ನೋಡಿದ ಮೇಲೆ ದಯವಿಟ್ಟು ಚೌಕಾಸಿ ಮಾಡಬೇಡಿ.

ತಂದದ್ದನ್ನು ತಣ್ಣೀರಲ್ಲಿ ಅದ್ದಿ ತೆಗೆದು, ಹಿಂಡದೆ ನೆರಳಲ್ಲಿ ಹರಡಿ ಒಣಗಿಸಿ. ವಾಷಿಂಗ್ ಮಷಿನ್‌ಗೆ ಹಾಕಿದರೆ ಇನ್ನೂ ಕುಗ್ಗುತ್ತದೆ. ಮಡಚಿಡುವಾಗ ನಡುವೆ ಒಣ ಬೇವಿನೆಲೆ ಹಾಕಿ, ನುಸಿ ಹತ್ತುವುದು ಕಡಿಮೆ.